ನಾಲ್ಕೇ ತಿಂಗಳಲ್ಲಿ ಕರಗಿಹೋದ ಸತು: ಬೋಟಿನ ಕರೆಂಟು ಎಲ್ಲಿಗೆ ಹೋಗುತ್ತಿದೆ?

ಓದುಗರ ಪ್ರಶ್ನೆ: ನನ್ನದು 9 ಮೀಟರ್ ಉದ್ದದ ಫೈಬರ್‌ಗ್ಲಾಸ್ ಬೋಟು. ಡೀಸೆಲ್ ಎಂಜಿನ್, ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್, ಮೂರು ರೆಕ್ಕೆಯ ಕಂಚಿನ ಪ್ರೊಪೆಲ್ಲರ್. ಶಾಫ್ಟಿಗೆ ಕಟ್ಟಿದ ಎರಡು ಜಿಂಕ್ ಆನೋಡ್‌ಗಳು (ಬೇರೆ ಲೋಹದ ಬದಲು ತಾವು ಕರಗುವ ಸತುವಿನ ತುಂಡುಗಳು) ಸೇರಿ ಸುಮಾರು 1 ಕೆ.ಜಿ. ಇವೆ. ಹಿಂದೆಲ್ಲ ವರ್ಷ ಕಳೆದರೂ ಅರ್ಧ ಉಳಿದಿರುತ್ತಿದ್ದವು. ಈ ಸಲ ಬೇರೆ ಮರೀನಾಕ್ಕೆ ಬಂದೆ. ಅಲ್ಲಿ ಜೆಟ್ಟಿಯ ಮೇಲೆಯೇ ಕರೆಂಟು ಸಿಗುತ್ತದೆ, ಹಾಗಾಗಿ ಬ್ಯಾಟರಿ ಚಾರ್ಜರ್ ಮತ್ತು ಫ್ರಿಜ್‌ಗಾಗಿ ಪ್ಲಗ್ ಹಗಲು ರಾತ್ರಿ ಹಾಕಿಯೇ ಇರುತ್ತದೆ. ಪಕ್ಕದಲ್ಲಿ ದೊಡ್ಡ ಉಕ್ಕಿನ ಬೋಟೊಂದು ನಿಂತಿದೆ. ನಾಲ್ಕು ತಿಂಗಳಿಗೆ ಬೋಟನ್ನು ಮೇಲೆತ್ತಿಸಿ ನೋಡಿದರೆ ಆನೋಡ್‌ಗಳ ಜಾಗದಲ್ಲಿ ಬೋಲ್ಟು ಮಾತ್ರ ಇದೆ. ಪ್ರೊಪೆಲ್ಲರ್ ಅಲ್ಲಲ್ಲಿ ಗುಲಾಬಿ ಬಣ್ಣಕ್ಕೆ ತಿರುಗಿದೆ. ಮೆಕ್ಯಾನಿಕ್ ಇನ್ನೂ ಎರಡು ಜಿಂಕ್ ಹಾಕಿ ಎನ್ನುತ್ತಾರೆ. ಪರಿಚಯದ ಒಬ್ಬರು ಆ ಉಕ್ಕಿನ ಬೋಟು ನೀರಿನ ಮೂಲಕ ನಿಮ್ಮ ಸತುವನ್ನು ತಿನ್ನುತ್ತಿದೆ, ದಂಡೆಯ ಕೇಬಲ್ಲಿನ ಅರ್ಥ್ ವೈರು ಕತ್ತರಿಸಿ ಎಂದರು. ಇನ್ನೊಬ್ಬರು ಸೀಕಾಕ್‌ಗಳನ್ನು (ಬೋಟಿನ ತಳದ ತೂತುಗಳಿಗೆ ಕೂರಿಸಿದ ಕವಾಟಗಳನ್ನು) ಜೋಡಿಸಿರುವ ಹಸಿರು ತಂತಿಗಳನ್ನು ಕಿತ್ತುಹಾಕಿ ಎಂದರು. ಮುಂದಿನ ಋತುವಿಗೆ ಸಿಹಿನೀರಿನ ಜಲಾಶಯಕ್ಕೆ ಒಯ್ಯುವ ಯೋಚನೆಯೂ ಇದೆ. ಏನು ಮಾಡಲಿ?

ಉತ್ತರ: ಮೊದಲಿಗೆ ಒಂದು ಮಾತು. ಇದನ್ನು ಓದಿ ಮುಗಿಸುವ ಮುಂಚೆ ಯಾರಾದರೂ ಕಟಿಂಗ್ ಪ್ಲೇಯರ್ ಹಿಡಿದು ಅರ್ಥ್ ವೈರಿನ ಹತ್ತಿರ ಹೋಗಿದ್ದರೆ ದಯವಿಟ್ಟು ತಡೆಯಿರಿ. ಆ ಸಲಹೆ ಸತುವನ್ನು ಉಳಿಸಬಹುದು, ಆದರೆ ಮನುಷ್ಯರ ಜೀವ ತೆಗೆಯುವ ಸಾಧ್ಯತೆ ಅದಕ್ಕಿದೆ. ಕಾರಣವನ್ನು ಮುಂದೆ ವಿವರವಾಗಿ ಹೇಳುತ್ತೇನೆ.

ನಿಮ್ಮ ಚಿಂತೆ ಎರಡು ಬಗೆಯದು. ಆನೋಡ್ ಯಾಕೆ ಇಷ್ಟು ಬೇಗ ಹೋಯಿತು ಎಂಬುದು ಒಂದು. ಅದು ಹೋದ ಮೇಲೆ ಬೋಟಿನ ಬೇರೆ ಭಾಗಗಳಿಗೆ ಏನಾಗಿದೆ ಎಂಬುದು ಇನ್ನೊಂದು. ನೀವು ಮೊದಲನೆಯದನ್ನು ಕೇಳಿದ್ದೀರಿ. ಎರಡನೆಯದು ಹೆಚ್ಚು ತುರ್ತಿನದು. ಆದರೆ ಕಾರಣ ತಿಳಿಯದೆ ಯಾವುದನ್ನೂ ಸರಿಪಡಿಸಲಾಗದು, ಆದ್ದರಿಂದ ಅಲ್ಲಿಂದಲೇ ಹೊರಡೋಣ.

ನೀವು ಕೊಟ್ಟ ತೂಕ ಮತ್ತು ಸಮಯದಲ್ಲೇ ಅರ್ಧ ಉತ್ತರವಿದೆ. ಸಮುದ್ರದ ನೀರಿನಲ್ಲಿ 1 ಕೆ.ಜಿ. ಸತು ಪೂರ್ತಿ ಕರಗುವ ಹೊತ್ತಿಗೆ ಸುಮಾರು 780 ಆಂಪಿಯರ್-ಗಂಟೆಯಷ್ಟು ಕರೆಂಟು ಕೊಟ್ಟಿರುತ್ತದೆ. ಹಳೆಯ ಮರೀನಾದಲ್ಲಿ ವರ್ಷಕ್ಕೆ ಅರ್ಧ ಕೆ.ಜಿ. ಸವೆಯುತ್ತಿತ್ತು ಎಂದರೆ 390 ಆಂಪಿಯರ್-ಗಂಟೆ. ವರ್ಷದ 8,760 ಗಂಟೆಗಳಿಗೆ ಹಂಚಿದರೆ ಸರಾಸರಿ 45 ಮಿಲಿ ಆಂಪಿಯರ್. ನಿಮ್ಮ ಗಾತ್ರದ ಫೈಬರ್‌ಗ್ಲಾಸ್ ಬೋಟಿನ ಶಾಫ್ಟ್, ಪ್ರೊಪೆಲ್ಲರ್ ಕಾಪಾಡಲು ಅದು ಸಹಜವಾದ ಖರ್ಚು. ಈಗ ಇಡೀ 1 ಕೆ.ಜಿ. ನಾಲ್ಕು ತಿಂಗಳಲ್ಲಿ, ಅಂದರೆ 2,880 ಗಂಟೆಗಳಲ್ಲಿ ಮುಗಿದಿದೆ. ಲೆಕ್ಕ ಹಾಕಿದರೆ 270 ಮಿಲಿ ಆಂಪಿಯರ್. ನಾಲ್ಕನೆಯ ತಿಂಗಳಿಗಿಂತ ಮೊದಲೇ ಮುಗಿದಿದ್ದರೆ ಇನ್ನೂ ಜಾಸ್ತಿ. ಖರ್ಚು ಕಡಿಮೆಯೆಂದರೂ ಆರು ಪಟ್ಟು ಏರಿದೆ. ನಿಮ್ಮ ಪ್ರೊಪೆಲ್ಲರೇನೂ ಆರು ಪಟ್ಟು ದೊಡ್ಡದಾಗಿಲ್ಲ. ಹಾಗಾದರೆ ಉಳಿದ 225 ಮಿಲಿ ಆಂಪಿಯರ್ ಯಾರಿಗೆ ಹೋಗುತ್ತಿದೆ? ಹುಡುಕಬೇಕಾದದ್ದು ಇದನ್ನೇ. ಅದು ಗೊತ್ತಾಗುವ ಮೊದಲು ಇನ್ನೆರಡು ಜಿಂಕ್ ಕಟ್ಟುವುದೆಂದರೆ ತೂತು ಬಿದ್ದ ಕೊಡಕ್ಕೆ ಇನ್ನಷ್ಟು ನೀರು ಸುರಿದಂತೆ.

ಸತು ಮಾಡುವ ಕೆಲಸ

ಎರಡು ಬೇರೆ ಬೇರೆ ಲೋಹಗಳು ಉಪ್ಪುನೀರಿನಲ್ಲಿ ಮುಳುಗಿರಬೇಕು, ಅವೆರಡರ ನಡುವೆ ಲೋಹದ ಸಂಪರ್ಕವೂ ಇರಬೇಕು. ಆಗ ಅದೊಂದು ಬ್ಯಾಟರಿಯಾಗುತ್ತದೆ. ಹೆಚ್ಚು ಚಟುವಟಿಕೆಯ ಲೋಹ ಕರಗುತ್ತದೆ, ಇನ್ನೊಂದು ಉಳಿಯುತ್ತದೆ. ಅಳತೆಗೆ ಆಧಾರವಾಗಿ ನೀರಿಗಿಳಿಸುವ ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡಿಗೆ ಹೋಲಿಸಿ ಸಮುದ್ರದ ನೀರಿನಲ್ಲಿ ಅಳೆದರೆ ಸತು ಮೈನಸ್ 1.03 ವೋಲ್ಟ್ ಆಸುಪಾಸು ನಿಲ್ಲುತ್ತದೆ. ಸಾದಾ ಉಕ್ಕು ಮೈನಸ್ 0.6, ಕಂಚು ಮೈನಸ್ 0.3 ಹತ್ತಿರ. ಸ್ಟೇನ್‌ಲೆಸ್ ಸ್ಟೀಲ್ ಒಳ್ಳೆಯ ಸ್ಥಿತಿಯಲ್ಲಿದ್ದರೆ ಸೊನ್ನೆಗೆ ಇನ್ನೂ ಸಮೀಪ. ಹೆಚ್ಚು ಮೈನಸ್ ಇರುವುದು ಕಡಿಮೆ ಮೈನಸ್ ಇರುವುದಕ್ಕಾಗಿ ಕರಗುತ್ತದೆ, ನಿಯಮ ಇಷ್ಟೇ. ನಿಮ್ಮ ಸತು ಶಾಫ್ಟಿಗೂ ಪ್ರೊಪೆಲ್ಲರಿಗೂ ಬದಲಾಗಿ ತಾನು ಕರಗುವುದು ಇದರಿಂದಲೇ.

ಇದು ಹಳೆಯ ತಿಳಿವಳಿಕೆ. ಬ್ರಿಟಿಷ್ ನೌಕಾಪಡೆ 1761ರಲ್ಲಿ ಅಲಾರ್ಮ್ ಎಂಬ ಹಡಗಿನ ತಳಕ್ಕೆ ತಾಮ್ರದ ತಗಡು ಹೊದಿಸಿತ್ತು. ಕೆಲ ಕಾಲದ ನಂತರ ತೆಗೆದು ನೋಡಿದಾಗ ತಾಮ್ರ ಚೆನ್ನಾಗಿಯೇ ಇತ್ತು, ಅದಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ನಡುವೆ ಕಾಗದ ಸಿಕ್ಕಿಕೊಂಡಿದ್ದ ಜಾಗದಲ್ಲಿ ಮಾತ್ರ ಮೊಳೆ ಉಳಿದಿತ್ತು. 1824ರಲ್ಲಿ ಹಂಫ್ರಿ ಡೇವಿ ಇದೇ ಗುಣವನ್ನು ತಿರುಗಿಸಿ ಬಳಸಿ, ತಾಮ್ರಕ್ಕೆ ಸತು ಅಥವಾ ಕಬ್ಬಿಣದ ತುಂಡು ತಾಗಿಸಿದರೆ ತಾಮ್ರ ಕರಗುವುದಿಲ್ಲ ಎಂದು ತೋರಿಸಿದರು. ತಾಮ್ರವೇನೋ ಉಳಿಯಿತು. ಆದರೆ ಅದು ಕರಗುವುದು ನಿಂತಿದ್ದೇ ತಳಕ್ಕೆ ಪಾಚಿ, ಚಿಪ್ಪುಜೀವಿಗಳು ಮುತ್ತಿಕೊಂಡವು. ತಾಮ್ರದ ವಿಷ ನೀರಿಗೆ ಸೇರದಿದ್ದರೆ ಅವನ್ನು ತಡೆಯುವವರಿಲ್ಲ. ಮಿತಿಮೀರಿದ ರಕ್ಷಣೆಗೂ ಬೆಲೆ ತೆರಬೇಕಾಗುತ್ತದೆ ಎಂಬುದು ಆಗಲೇ ಗೊತ್ತಾಗಿತ್ತು.

ಮೇಲಿನ ನಿಯಮದಲ್ಲಿ ‘ಲೋಹದ ಸಂಪರ್ಕವೂ ಇರಬೇಕು’ ಎಂಬ ಮಾತನ್ನು ಗಮನಿಸಿ. ನಿಮಗೆ ಸಿಕ್ಕ ಸಲಹೆಗಳೆಲ್ಲ ತಪ್ಪಿದ್ದು ಅಲ್ಲೇ. ಪಕ್ಕದ ಉಕ್ಕಿನ ಬೋಟು ಎಷ್ಟೇ ದೊಡ್ಡದಿರಲಿ, ಬರೀ ನೀರಿನ ಮೂಲಕ ಅದು ನಿಮ್ಮ ಸತುವನ್ನು ತಿನ್ನಲಾರದು. ನೀರು ಸರ್ಕೀಟಿನ ಒಂದು ಅರ್ಧ ಮಾತ್ರ. ಇನ್ನೊಂದು ಅರ್ಧ ಲೋಹದ ದಾರಿಯೇ ಆಗಬೇಕು. ಹಿಂದೆ ಆ ದಾರಿ ಇರಲಿಲ್ಲ. ಈ ಸಲ ನೀವು ಪ್ಲಗ್ ಹಾಕಿದ ದಿನ ಅದು ತೆರೆದುಕೊಂಡಿತು.

ಹೇಗೆಂದರೆ, ದಂಡೆಯ ಕೇಬಲ್ಲಿನಲ್ಲಿ ಬರುವ ಅರ್ಥ್ ವೈರು ಬೋಟಿನ ಒಳಗೆ ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ನಿಗೂ ಸೇರಿರುತ್ತದೆ. ಸುರಕ್ಷತೆಗಾಗಿ ಹಾಗೆಯೇ ಇರಬೇಕು. ಎಂಜಿನ್ನಿಂದ ಗೇರ್‌ಬಾಕ್ಸ್, ಅಲ್ಲಿಂದ ಶಾಫ್ಟ್, ಶಾಫ್ಟಿನ ಮೇಲೆ ನಿಮ್ಮ ಸತು. ಪಕ್ಕದ ಬೋಟಿನಲ್ಲೂ ಇದೇ ಜೋಡಣೆ. ಜೆಟ್ಟಿಯ ಉಕ್ಕಿನ ಕಂಬಗಳೂ ಬಹಳ ಕಡೆ ಅದೇ ಅರ್ಥ್‌ಗೆ ತಾಗಿರುತ್ತವೆ. ಹೀಗೆ ಪ್ಲಗ್ ಹಾಕಿದ ಎಲ್ಲ ಬೋಟುಗಳ ಮುಳುಗಿದ ಲೋಹವೂ ಒಂದೇ ತಂತಿಯಲ್ಲಿ ಸೇರಿಬಿಡುತ್ತದೆ. ಮೈನಸ್ 0.6 ವೋಲ್ಟಿನಲ್ಲಿ ನಿಂತ ದೊಡ್ಡ ಉಕ್ಕಿನ ತಳವೊಂದಿದೆ, ಅದರ ಬಣ್ಣ ಅಲ್ಲಲ್ಲಿ ಎದ್ದಿದೆ, ಅದರ ಸ್ವಂತ ಆನೋಡ್‌ಗಳು ಮುಗಿದಿವೆ ಎಂದುಕೊಳ್ಳಿ. ಅದನ್ನು ಕಾಪಾಡುವ ಕೆಲಸ ನಿಮ್ಮ 1 ಕೆ.ಜಿ. ಸತುವಿನ ಮೇಲೆ ಬೀಳುತ್ತದೆ. ನೀವು ಇನ್ನೆರಡು ಕಟ್ಟಿದರೆ ಅವೂ ನೆರೆಮನೆಯ ಸೇವೆಗೇ ಹೋಗುತ್ತವೆ. ಪಕ್ಕದ ಬೋಟಿನವರ ತಪ್ಪೇನೂ ಇದರಲ್ಲಿಲ್ಲ ಎಂಬುದನ್ನೂ ಹೇಳಬೇಕು. ಎಷ್ಟೋ ಸಲ ಅವರಿಗೆ ಗೊತ್ತೇ ಇರುವುದಿಲ್ಲ.

ಅರ್ಥ್ ವೈರು ಕತ್ತರಿಸಿದರೆ ಆಗುವುದೇನು

ದಾರಿ ಅರ್ಥ್ ವೈರೇ ಆದ ಮೇಲೆ ಅದನ್ನೇ ಕಡಿದುಹಾಕಿದರೆ ಸರಿಯಲ್ಲವೇ ಎನ್ನಿಸುವುದು ಸಹಜ. ಸತುವಿನ ಸವೆತ ನಿಲ್ಲುತ್ತದೆ, ನಿಜ. ಆದರೆ ಒಂದು ದಿನ ಚಾರ್ಜರಿನ ಒಳಗಿನ ಇನ್ಸುಲೇಶನ್ ಕೆಟ್ಟು ಲೈವ್ ವೈರು ಅದರ ಲೋಹದ ಹೊರಮೈಗೆ ತಾಗುತ್ತದೆ. ಅರ್ಥ್ ಇದ್ದರೆ ಆ ಕ್ಷಣವೇ ಬ್ರೇಕರ್ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ ಕರೆಂಟು ಎಂಜಿನ್, ಶಾಫ್ಟ್, ಪ್ರೊಪೆಲ್ಲರ್ ಹಾದು ನೀರಿಗಿಳಿಯುತ್ತದೆ. ಬ್ರೇಕರ್ ಬೀಳುವಷ್ಟು ಕರೆಂಟು ನೀರಿನಲ್ಲಿ ಹರಿಯುವುದಿಲ್ಲ, ಹಾಗಾಗಿ ಅದು ತಾಸುಗಟ್ಟಲೆ ಸೋರುತ್ತಲೇ ಇರುತ್ತದೆ. ಹತ್ತಿರದಲ್ಲಿ ಯಾರಾದರೂ ಈಜುತ್ತಿದ್ದರೆ ಆ ಕರೆಂಟಿಗೆ ಅವರ ದೇಹವೂ ಒಂದು ದಾರಿ. ಸಿಹಿನೀರಿನಲ್ಲಿ ಅಪಾಯ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ನೀರಿಗಿಂತ ಉಪ್ಪಿನಂಶವಿರುವ ಮನುಷ್ಯದೇಹವೇ ಒಳ್ಳೆಯ ವಾಹಕ. ಕೆಲವೇ ಹತ್ತು ಮಿಲಿ ಆಂಪಿಯರ್ ಸಾಕು, ಸ್ನಾಯು ಸೆಟೆದುಕೊಂಡು ಕೈಕಾಲು ಆಡದಂತಾಗುತ್ತದೆ. ಒಳ್ಳೆಯ ಈಜುಗಾರರೂ ಸದ್ದಿಲ್ಲದೆ ಮುಳುಗುತ್ತಾರೆ. ನೀವು ಮುಂದೆ ಹೋಗಬೇಕೆಂದಿರುವುದು ಜಲಾಶಯಕ್ಕೆ, ಅದಕ್ಕಾಗಿಯೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಜೆಟ್ಟಿಯಲ್ಲಿ ಕರೆಂಟು ಇರುವ ಕಡೆ ಮಕ್ಕಳನ್ನು ನೀರಿಗಿಳಿಸಬೇಡಿ. ನಿಮ್ಮ ಬೋಟಿನ ವೈರಿಂಗ್ ಎಷ್ಟೇ ಸರಿಯಿದ್ದರೂ ಪಕ್ಕದ ಬೋಟಿನದು ಹೇಗಿದೆ ಎಂದು ನಿಮಗೆ ತಿಳಿದಿರುವುದಿಲ್ಲ.

ದಂಡೆಯ ಕರೆಂಟು ಬೋಟಿಗೆ ಬರುವ ಜಾಗದಲ್ಲಿ 30 ಮಿಲಿ ಆಂಪಿಯರ್‌ಗೆ ಬೀಳುವ ಆರ್‌ಸಿಡಿ (ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ ಸ್ವಿಚ್ಚು) ಇದೆಯೇ ನೋಡಿ. ಇಲ್ಲದಿದ್ದರೆ ಆನೋಡ್ ಕೊಳ್ಳುವ ಮೊದಲು ಅದನ್ನು ಹಾಕಿಸಿ. ಇದ್ದರೆ ಅದರ ಟೆಸ್ಟ್ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ. ಎಲೆಕ್ಟ್ರಿಷಿಯನ್ ಬಂದಾಗ ಇನ್ನೊಂದು ಪರೀಕ್ಷೆ ಮಾಡಿಸಿಕೊಳ್ಳಿ. ಲೈವ್, ನ್ಯೂಟ್ರಲ್, ಅರ್ಥ್ ಮೂರೂ ಸೇರಿದಂತೆ ಇಡೀ ಕೇಬಲ್ಲಿನ ಸುತ್ತ ಮಿಲಿ ಆಂಪಿಯರ್ ಅಳೆಯುವ ಕ್ಲ್ಯಾಂಪ್ ಮೀಟರ್ ಹಾಕಬೇಕು. ಹೋದ ಕರೆಂಟೆಲ್ಲ ಅದೇ ಕೇಬಲ್ಲಿನಲ್ಲಿ ಮರಳುತ್ತಿದ್ದರೆ ಮೀಟರ್ ಸೊನ್ನೆ ತೋರಿಸುತ್ತದೆ. ಎಸಿಯಲ್ಲಿ ಸೊನ್ನೆ ಬಾರದಿದ್ದರೆ ಒಂದಿಷ್ಟು ಕರೆಂಟು ನೀರಿನ ದಾರಿ ಹಿಡಿದಿದೆ ಎಂದರ್ಥ. ಅದು ನಿಮ್ಮ ಬೋಟಿನದೇ ಆಗಿರಬಹುದು, ಬೇರೆ ಬೋಟಿನಿಂದ ಸೋರಿ ನಿಮ್ಮ ಅರ್ಥ್ ಹಿಡಿದು ಮರಳುತ್ತಿರುವುದೂ ಆಗಿರಬಹುದು. ಎರಡೂ ನಿರ್ಲಕ್ಷಿಸುವ ಸಂಗತಿಗಳಲ್ಲ. ಅಂದಹಾಗೆ ಈ ಎಸಿ ಸೋರಿಕೆ ಲೋಹವನ್ನು ತಿನ್ನುವುದು ಡಿಸಿಗೆ ಹೋಲಿಸಿದರೆ ಬಹಳ ಕಡಿಮೆ. ಸತು ಬೇಗ ಹೋಗದಿದ್ದ ಮಾತ್ರಕ್ಕೆ ಎಸಿ ವೈರಿಂಗ್ ಸರಿಯಿದೆ ಎಂದು ತಿಳಿಯುವಂತಿಲ್ಲ.

ನೀವೇ ಮಾಡಬಹುದಾದ ಪರೀಕ್ಷೆ

ಅರ್ಥ್ ವೈರಿನ ಮೇಲೆ ಅನುಮಾನ ಬಲವಾಗಿದೆ, ಆದರೆ ಅನುಮಾನದ ಮೇಲೆ ದುಡ್ಡು ಸುರಿಯುವುದು ಬೇಡ. ಒಂದು ಡಿಜಿಟಲ್ ಮಲ್ಟಿಮೀಟರ್, ಒಂದು ಸಿಲ್ವರ್ ಕ್ಲೋರೈಡ್ ಎಲೆಕ್ಟ್ರೋಡ್ ಸಾಕು. ಎರಡನೆಯದು ಉದ್ದನೆಯ ವೈರಿನ ತುದಿಯಲ್ಲಿ ಬೆರಳುಗಾತ್ರದ ಕೊಳವೆ. ಬೋಟು ಸಾಮಾನು ಮಾರುವ ಕಡೆ ಸಿಗುತ್ತದೆ.

ಹೊಸ ಆನೋಡ್ ಕಟ್ಟಿ, ಬೋಟನ್ನು ನೀರಿಗಿಳಿಸಿ, ಒಂದು ದಿನ ಬಿಡಿ. ಎಲೆಕ್ಟ್ರೋಡನ್ನು ಬೋಟಿನ ಪಕ್ಕ ನೀರಿಗೆ ಇಳಿಬಿಟ್ಟು ಅದರ ವೈರನ್ನು ಮೀಟರಿನ ಕಪ್ಪು ತೂತಿಗೆ ಹಾಕಿ. ಕೆಂಪು ಮೊನೆಯನ್ನು ಬೋಟಿನ ಒಳಗೆ ಶಾಫ್ಟಿಗೆ ಒತ್ತಿ ಹಿಡಿಯಿರಿ. ತುಕ್ಕು, ಗ್ರೀಸು ಇದ್ದರೆ ಮೊದಲು ಉಜ್ಜಿ ಹೊಳಪು ತನ್ನಿ. ದಂಡೆಯ ಪ್ಲಗ್ ತೆಗೆದಿರುವಾಗ ಬರುವ ಅಂಕಿ ಬರೆದುಕೊಳ್ಳಿ. ಆಮೇಲೆ ಪ್ಲಗ್ ಹಾಕಿ, ಹತ್ತು ನಿಮಿಷ ಬಿಟ್ಟು, ಮತ್ತೆ ನೋಡಿ. ತೆಗೆದಾಗ ಮೈನಸ್ 900 ಮಿಲಿವೋಲ್ಟ್ ಇದ್ದದ್ದು ಹಾಕಿದಾಗ ಮೈನಸ್ 750ಕ್ಕೆ ಬಂದರೆ ನಿಮ್ಮ ಸತು ಊರಿಗೆಲ್ಲ ದುಡಿಯುತ್ತಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಂಕಿ ಕದಲದಿದ್ದರೆ ಕಾರಣ ಬೇರೆಡೆ ಇದೆ. ರಕ್ಷಣೆ ಸಾಕಷ್ಟಿದೆಯೇ ಎಂದು ತಿಳಿಯಲು ನಮ್ಮ ವೃತ್ತಿಯಲ್ಲಿ ಒಂದು ಅಳತೆಯಿದೆ. ಆನೋಡ್ ಇಲ್ಲದಾಗ ಲೋಹ ತೋರಿಸುವ ಅಂಕಿಗಿಂತ ಆನೋಡ್ ಇದ್ದಾಗಿನದು ಕನಿಷ್ಠ 200 ಮಿಲಿವೋಲ್ಟ್ ಹೆಚ್ಚು ಮೈನಸ್ ಇರಬೇಕು.

ಇಲ್ಲೊಂದು ಸೂಕ್ಷ್ಮವಿದೆ, ಕಸುಬಿನವರೂ ಮರೆಯುವಂಥದ್ದು. ಕೆಲವು ಬೋಟುಗಳಲ್ಲಿ ಗೇರ್‌ಬಾಕ್ಸಿಗೂ ಶಾಫ್ಟಿಗೂ ನಡುವೆ ರಬ್ಬರಿನ ಕಪ್ಲಿಂಗ್ ಇರುತ್ತದೆ. ಅದು ವಿದ್ಯುತ್ತನ್ನು ತಡೆಯುವ ಬಗೆಯದಾಗಿದ್ದು, ಮೇಲೆ ಬೇರೆ ತಂತಿಯ ಜೋಡಣೆ ಇಲ್ಲದಿದ್ದರೆ ನಿಮ್ಮ ಶಾಫ್ಟು ದಂಡೆಯ ಅರ್ಥ್‌ಗೆ ಸೇರಿಯೇ ಇಲ್ಲ. ಆಗ ನಾನು ಇಷ್ಟು ಹೊತ್ತು ಹೇಳಿದ ಕಾರಣ ನಿಮ್ಮ ಬೋಟಿಗೆ ಹೊಂದುವುದಿಲ್ಲ. ಬೋಟು ಮೇಲಿರುವಾಗಲೇ ಎಂಜಿನ್ನಿಗೂ ಶಾಫ್ಟಿಗೂ ನಡುವೆ ಓಮ್ ಅಳೆದು ನೋಡಿ. ಒಂದು ಓಮ್‌ಗಿಂತ ಕಡಿಮೆಯಿದ್ದರೆ ಸಂಪರ್ಕವಿದೆ.

ಅರ್ಥ್ ಅಲ್ಲದಿದ್ದರೆ ಮುಂದಿನ ಅನುಮಾನ ಬೋಟಿನ ಒಳಗಿನ 12 ವೋಲ್ಟ್ ಸೋರಿಕೆ. ಇದರಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಬಿಲ್ಜ್ ಪಂಪಿನ, ಅಂದರೆ ಬೋಟಿನ ತಳದಲ್ಲಿ ಸೇರಿದ ನೀರನ್ನು ಹೊರಹಾಕುವ ಪಂಪಿನ, ಫ್ಲೋಟ್ ಸ್ವಿಚ್ಚು (ನೀರು ಏರಿದಾಗ ತೇಲಿ ಪಂಪು ಓಡಿಸುವಂಥದ್ದು). ಪಂಪು ಯಾವಾಗಲೂ ಸಿದ್ಧವಿರಲಿ ಎಂದು ಅದನ್ನು ಮೇನ್ ಸ್ವಿಚ್ ದಾಟಿಸಿ ನೇರ ಬ್ಯಾಟರಿಗೆ ಕೊಟ್ಟಿರುತ್ತಾರೆ, ಅದು ಸರಿಯಾದ ಕ್ರಮವೇ. ಆದರೆ ಆ ಪಾಸಿಟಿವ್ ವೈರಿನ ಜೋಡಣೆಗೆ ಟೇಪು ಸುತ್ತಿ ತಳದಲ್ಲಿ ಬಿಟ್ಟಿರುತ್ತಾರೆ. ಅಲ್ಲಿ ನೀರು ನಿಂತಾಗಲೆಲ್ಲ ಕರೆಂಟು ಆ ನೀರಿನ ಮೂಲಕ ಹತ್ತಿರದ ಸೀಕಾಕ್‌ಗೋ ಶಾಫ್ಟಿನ ಟ್ಯೂಬಿಗೋ ಸೇರಿ ಹೊರಗಿಳಿಯುತ್ತದೆ. ಟೇಪು ಬಿಚ್ಚಿದರೆ ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿರುವುದು ಕಾಣುತ್ತದೆ. ಲೋಹಗಳ ನಡುವಿನ ಸಹಜ ಕರೆಂಟು ಮಿಲಿ ಆಂಪಿಯರ್‌ಗಳಲ್ಲಿದ್ದರೆ ಈ ಸೋರಿಕೆ ಆಂಪಿಯರ್ ಮುಟ್ಟಬಲ್ಲದು. ಒಂದು ಆಂಪಿಯರ್ ಸತತವಾಗಿ ಹರಿದರೆ ವರ್ಷಕ್ಕೆ ಸುಮಾರು 9 ಕೆ.ಜಿ. ಉಕ್ಕು ಕರಗುತ್ತದೆ. ಹಾಗಾಗಿ ಅದರ ಹಾನಿಯನ್ನು ತಿಂಗಳುಗಳಲ್ಲಲ್ಲ, ದಿನಗಳಲ್ಲಿ ಎಣಿಸಬೇಕು. ಗುರುತೂ ಬೇರೆ. ಲೋಹ ಒರಟಾಗಿ ಸವೆಯುವ ಬದಲು ಹೊಳೆಯುವ, ಅಂಚು ಚೂಪಾದ ಗುಂಡಿಗಳು ಬೀಳುತ್ತವೆ. ನಿಮ್ಮ ವರ್ಣನೆಯಲ್ಲಿ ಅಂಥದ್ದು ಇಲ್ಲ. ಆದರೂ ಎಲೆಕ್ಟ್ರೋಡು ನೀರಿನಲ್ಲಿರುವಾಗಲೇ, ದಂಡೆಯ ಪ್ಲಗ್ ತೆಗೆದು, ಬೋಟಿನ ಒಂದೊಂದೇ ಸ್ವಿಚ್ಚು ಹಾಕುತ್ತ ಆರಿಸುತ್ತ ಅಂಕಿ ನೋಡಿ. ಫ್ಲೋಟನ್ನು ಕೈಯಿಂದ ಎತ್ತಿಯೂ ನೋಡಿ. ಯಾವುದೋ ಒಂದನ್ನು ಹಾಕಿದಾಗ ಅಂಕಿ ಹತ್ತಾರು ಮಿಲಿವೋಲ್ಟ್ ಜಿಗಿದರೆ ಆ ವೈರನ್ನು ತುದಿಯವರೆಗೂ ಹಿಂಬಾಲಿಸಿ.

ಪರಿಹಾರಗಳು, ಅವುಗಳ ತೊಡಕುಗಳು

ಎಲ್ಲಕ್ಕಿಂತ ಸುಲಭವಾದದ್ದು ಪ್ಲಗ್ ತೆಗೆದಿಡುವುದು. ಬ್ಯಾಟರಿ ತುಂಬಲು ಬೇಕಾದಷ್ಟು ಹೊತ್ತು ಮಾತ್ರ ಹಾಕಿ. ಬ್ಯಾಟರಿ ಬತ್ತದಿರಲು ಒಂದು ಚಿಕ್ಕ ಸೋಲಾರ್ ಪ್ಯಾನೆಲ್ ಸಾಕಾಗುತ್ತದೆ. ವಾರಾಂತ್ಯಕ್ಕೆ ಮಾತ್ರ ಬೋಟಿಗೆ ಹೋಗುವವರಿಗೆ ನಾನು ಮೊದಲು ಹೇಳುವುದು ಇದನ್ನೇ, ಏಕೆಂದರೆ ಇಲ್ಲದ ತಂತಿ ಕೆಡುವುದಿಲ್ಲ. ಫ್ರಿಜ್ ಸದಾ ಓಡಲೇಬೇಕು ಎನ್ನುವವರಿಗೆ ಇದು ಸಾಲದು. ಬಿಲ್ಜ್ ಪಂಪು ಪದೇ ಪದೇ ಓಡುವ ಬೋಟಾದರೆ ಬ್ಯಾಟರಿ ಖಾಲಿಯಾಗಿ ಬೋಟೇ ಮುಳುಗುವ ಭಯವೂ ಇದೆ. ಅಂಥಲ್ಲಿ ನೀರು ಎಲ್ಲಿಂದ ಬರುತ್ತಿದೆ ಎಂದು ಮೊದಲು ನೋಡಬೇಕು.

ನಿಮ್ಮಂಥವರಿಗೆ ಸರಿಹೊಂದುವುದು ಗ್ಯಾಲ್ವನಿಕ್ ಐಸೊಲೇಟರ್. ದಂಡೆಯ ಕೇಬಲ್ ಬೋಟಿಗೆ ಬಂದ ಕೂಡಲೇ, ಅರ್ಥ್ ವೈರಿನ ನಡುವೆ ಇದನ್ನು ಕೂರಿಸುತ್ತಾರೆ. ಒಳಗೆ ಎರಡೆರಡು ಡಯೋಡುಗಳು (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ಎದುರುಬದುರಾಗಿ ಇರುತ್ತವೆ. ಸುಮಾರು 1.2 ವೋಲ್ಟಿನವರೆಗೆ ಅವು ಬಾಗಿಲು ತೆರೆಯುವುದಿಲ್ಲ. ಸತುವಿಗೂ ಕಂಚಿಗೂ ನಡುವಿನ ವ್ಯತ್ಯಾಸ 0.7 ವೋಲ್ಟಿನ ಸುಮಾರು, ಸತುವಿಗೂ ಉಕ್ಕಿಗೂ ಇನ್ನೂ ಕಡಿಮೆ. ಆದ್ದರಿಂದ ಸತು ತಿನ್ನುವ ಕರೆಂಟು ಅಲ್ಲಿಗೇ ನಿಲ್ಲುತ್ತದೆ. ಲೈವ್ ವೈರು ತಾಗಿ ನಿಜವಾದ ಅಪಾಯ ಬಂದರೆ ವೋಲ್ಟೇಜ್ ಆ ಮಿತಿಯನ್ನು ಎಷ್ಟೋ ಪಟ್ಟು ಮೀರುತ್ತದೆ, ಡಯೋಡು ತೆರೆದುಕೊಳ್ಳುತ್ತದೆ, ಬ್ರೇಕರ್ ಬೀಳುತ್ತದೆ. ಅರ್ಥ್ ಉಳಿಯಿತು, ಸತುವೂ ಉಳಿಯಿತು.

ಇದರ ತೊಡಕು ಹೀಗೆ. ಸಿಡಿಲು ಅಥವಾ ದೊಡ್ಡ ಶಾರ್ಟ್ ಆದ ಮೇಲೆ ಡಯೋಡು ಸುಟ್ಟಿರಬಹುದು. ಸುಟ್ಟು ಸಂಪರ್ಕ ಕಡಿದರೆ ನಿಮಗೆ ಗೊತ್ತಿಲ್ಲದೆಯೇ ಅರ್ಥ್ ಇಲ್ಲದಂತಾಗುತ್ತದೆ. ಆದ್ದರಿಂದ ಕೊಳ್ಳುವಾಗ ಫೇಲ್-ಸೇಫ್ ಎಂದು ಗುರುತು ಮಾಡಿರುವುದನ್ನೇ ಕೊಳ್ಳಿ. ಅದು ಕೆಟ್ಟರೂ ಸಂಪರ್ಕ ಉಳಿಸಿಕೊಂಡೇ ಕೆಡುತ್ತದೆ. ನಿಮ್ಮ ದಂಡೆಯ ಬ್ರೇಕರಿನ ಆಂಪಿಯರ್‌ಗಿಂತ ಕಡಿಮೆ ಸಾಮರ್ಥ್ಯದ್ದು ಬೇಡ. ವರ್ಷಕ್ಕೊಮ್ಮೆ ಪ್ಲಗ್ ತೆಗೆದು ಮಲ್ಟಿಮೀಟರನ್ನು ಡಯೋಡ್ ಪರೀಕ್ಷೆಗೆ ತಿರುಗಿಸಿ ಎರಡೂ ದಿಕ್ಕಿನಲ್ಲಿ ನೋಡಿ. ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಅಂಕಿ ಬರಬೇಕು, ಸುಮಾರು 0.9ರಿಂದ 1.2 ವೋಲ್ಟ್. ಒಳಗೆ ಕೆಪಾಸಿಟರ್ ಇದ್ದರೆ ಅಂಕಿ ನಿಧಾನವಾಗಿ ಏರುತ್ತದೆ, ಗಾಬರಿ ಬೇಡ. ಸೊನ್ನೆ ತೋರಿಸಿದರೆ ಡಯೋಡು ಶಾರ್ಟ್ ಆಗಿದೆ, ಸತು ಮತ್ತೆ ಸವೆಯುತ್ತದೆ. ಏನೂ ತೋರಿಸದಿದ್ದರೆ ಅದೇ ದಿನ ಬದಲಿಸಿ. ದಂಡೆಯಿಂದ ಬರುವ ಟಿವಿ ಕೇಬಲ್ಲಿನ ಲೋಹದ ಹೊದಿಕೆಯೂ, ಎರಡನೆಯ ಕರೆಂಟು ಕೇಬಲ್ಲೂ ಐಸೊಲೇಟರನ್ನು ತಪ್ಪಿಸಿ ಹೋಗುವ ಅಡ್ಡದಾರಿಗಳು. ಅವನ್ನು ಹಾಗೇ ಬಿಟ್ಟರೆ ಕೊಂಡದ್ದು ವ್ಯರ್ಥ.

ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಎಂಬುದು ಇದಕ್ಕಿಂತ ಮೇಲಿನದು. ಅದರಲ್ಲಿ ದಂಡೆಗೂ ಬೋಟಿಗೂ ತಂತಿಯ ನಂಟೇ ಇರುವುದಿಲ್ಲ, ಶಕ್ತಿ ಅಯಸ್ಕಾಂತ ಕ್ಷೇತ್ರದ ಮೂಲಕ ದಾಟುತ್ತದೆ. ಉಕ್ಕಿನ ಅಥವಾ ಅಲ್ಯೂಮಿನಿಯಂ ಒಡಲಿನ ಬೋಟಿಗೆ ನಾನು ಅದನ್ನೇ ಹೇಳುತ್ತೇನೆ. ನಿಮ್ಮದರಲ್ಲಿ ಆ ಹತ್ತಾರು ಕೆ.ಜಿ. ತೂಕವನ್ನೂ ಅದರ ಬಿಸಿಯನ್ನೂ ಇಡಲು ಜಾಗ ಸಿಗುವುದು ಕಷ್ಟ, ಅಗತ್ಯವೂ ಕಾಣುತ್ತಿಲ್ಲ.

ಹೆಚ್ಚು ಜಿಂಕ್ ಕಟ್ಟುವ ಬಗ್ಗೆ: ಫೈಬರ್‌ಗ್ಲಾಸ್ ಬೋಟಿಗೆ ಅದರಿಂದ ದೊಡ್ಡ ಹಾನಿಯಿಲ್ಲ. ಮರದ ಬೋಟಿನಲ್ಲಿ ಬೋಲ್ಟಿನ ಸುತ್ತ ಕ್ಷಾರ ಹುಟ್ಟಿ ಮರ ಮೆತ್ತಗಾಗುತ್ತದೆ. ಅಲ್ಯೂಮಿನಿಯಂ ಒಡಲಿನಲ್ಲಿ ಬಣ್ಣ ಗುಳ್ಳೆ ಎದ್ದು ಲೋಹವೇ ತಿಂದುಹೋಗುತ್ತದೆ. ಅಲ್ಯೂಮಿನಿಯಂ ಮೈನಸ್ 950ರಿಂದ ಮೈನಸ್ 1,100 ಮಿಲಿವೋಲ್ಟ್ ನಡುವೆ ಇರಬೇಕು, ಅದರಾಚೆ ಹೋಗಬಾರದು.

ಹಸಿರು ತಂತಿ ಕೀಳುವ ಸಲಹೆ ಪೂರ್ತಿ ಮೂರ್ಖತನವಲ್ಲ. ಒಳ್ಳೆಯ ಕಂಚಿನ ಸೀಕಾಕ್, ಪ್ಲಾಸ್ಟಿಕ್ ಕೊಳವೆಗೆ ಮಾತ್ರ ಸೇರಿ ಒಂಟಿಯಾಗಿದ್ದರೆ, ದಶಕಗಟ್ಟಲೆ ಬಾಳುತ್ತದೆ. ಎಲ್ಲವನ್ನೂ ತಂತಿಯಿಂದ ಸೇರಿಸಿ ಸಾಕಷ್ಟು ಆನೋಡ್ ಕೊಟ್ಟರೂ ಬಾಳುತ್ತದೆ. ಕೆಡುವುದು ನಡುವಿನ ಸ್ಥಿತಿಯಲ್ಲಿ: ಅರ್ಧ ತಂತಿಗಳ ತುದಿ ಹಸಿರುಗಟ್ಟಿ ಬಿಟ್ಟುಹೋಗಿವೆ, ಅರ್ಧ ಹಿಡಿದುಕೊಂಡಿವೆ. ನೀವು ಈಗ ಕೀಳಬೇಡಿ. ಪ್ರತಿ ತುದಿ ಬಿಚ್ಚಿ, ಉಜ್ಜಿ, ಬಿಗಿದು, ಸೀಕಾಕಿನಿಂದ ಆನೋಡಿನವರೆಗೆ ಒಂದು ಓಮ್‌ಗಿಂತ ಕಡಿಮೆ ಬರುವಂತೆ ಮಾಡಿ.

ಪ್ರೊಪೆಲ್ಲರಿನ ಗುಲಾಬಿ ಬಣ್ಣ

ತುರ್ತು ಎಂದಿದ್ದು ಇದನ್ನು. ಕಂಚು ಎಂದು ಮಾರುವ ಪ್ರೊಪೆಲ್ಲರುಗಳಲ್ಲಿ ಬಹಳಷ್ಟು ಮ್ಯಾಂಗನೀಸ್ ಬ್ರಾಂಜ್. ಅದರಲ್ಲಿ ಶೇಕಡಾ 40ರ ಸುಮಾರು ಸತುವೇ ಇರುತ್ತದೆ, ಅಂದರೆ ಸ್ವಭಾವದಲ್ಲಿ ಅದು ಹಿತ್ತಾಳೆ. ಆನೋಡು ಮುಗಿದ ಮೇಲೆ ಪ್ರೊಪೆಲ್ಲರಿನ ಒಳಗಿನ ಸತುವೇ ನೀರಿಗೆ ಹೋಗತೊಡಗುತ್ತದೆ. ಉಳಿಯುವುದು ತಾಮ್ರದ ಸಣ್ಣ ರಂಧ್ರಗಳ ಗೂಡು. ಆಕಾರ ಹಾಗೇ ಇರುತ್ತದೆ, ಬಲ ಇರುವುದಿಲ್ಲ. ಆ ಗುಲಾಬಿ ಬಣ್ಣ ಅದೇ.

ಎಷ್ಟು ಆಳಕ್ಕೆ ಹೋಗಿದೆ ಎಂದು ತಿಳಿಯಲು ಎರಡು ಕೆಲಸ ಮಾಡಿ. ಪ್ರತಿ ರೆಕ್ಕೆಯನ್ನೂ ಚಿಕ್ಕ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಟ್ಟಿ ಲೋಹ ಗಂಟೆಯಂತೆ ಗುಂಯ್ ಎನ್ನುತ್ತದೆ, ಸತ್ವ ಹೋದದ್ದು ಠಪ್ ಎಂದು ಸುಮ್ಮನಾಗುತ್ತದೆ. ಆಮೇಲೆ ಗುಲಾಬಿ ಜಾಗದಲ್ಲಿ ಚಾಕುವಿನ ತುದಿಯಿಂದ ಕೆರೆಯಿರಿ. ಒಂದೆರಡು ಗೀರಿಗೇ ಹಳದಿ ಹೊಳಪು ಕಂಡರೆ ಮೇಲ್ಮೈಗಷ್ಟೇ ತಾಗಿದೆ, ಉಜ್ಜಿ ಹೊಸ ಆನೋಡ್ ಕಟ್ಟಿ ಬಳಸಬಹುದು. ಕೆರೆದಷ್ಟೂ ಗುಲಾಬಿಯೇ ಬಂದರೆ, ಅಂಚು ಇಕ್ಕಳಕ್ಕೆ ಚೂರಾಗಿ ಮುರಿದರೆ, ಆ ಪ್ರೊಪೆಲ್ಲರನ್ನು ಮತ್ತೆ ತಿರುಗಿಸಬೇಡಿ.

ಇದೇ ಪರೀಕ್ಷೆಯನ್ನು ತಳದ ಪ್ರತಿಯೊಂದು ಸೀಕಾಕ್‌ಗೂ ಮಾಡಿ, ಹೊರಗಿನಿಂದಲೂ ಒಳಗಿನಿಂದಲೂ. ಪ್ರೊಪೆಲ್ಲರ್ ಮುರಿದರೆ ಯಾರಾದರೂ ಎಳೆದು ತರುತ್ತಾರೆ. ಸೀಕಾಕ್ ಮುರಿದರೆ ತಳದಲ್ಲಿ ತೆರೆದ ತೂತು. ಹಿತ್ತಾಳೆಯ ಫಿಟ್ಟಿಂಗನ್ನು ಕಂಚಿನದೆಂದು ಹಾಕಿರುವ ಬೋಟುಗಳನ್ನು ನಾನು ಧಾರಾಳವಾಗಿ ನೋಡಿದ್ದೇನೆ. ಹೊರಗೆ ಏನೂ ಕಾಣದೆ, ಕೊಳವೆ ಕೂರುವ ತಿರುಪಿನ ಬುಡದಲ್ಲಿ ಕೈಯಿಂದ ಅಲುಗಾಡಿಸಿದಾಗ ಕಳಚಿ ಬಂದವೂ ಇವೆ. ಬೋಟು ಮೇಲಿರುವಾಗ ಧೈರ್ಯವಾಗಿ ಅಲುಗಾಡಿಸಿ. ಅಲ್ಲಿ ಮುರಿದರೆ ಅದೇ ಒಳ್ಳೆಯದು. ಅನುಮಾನವಿದ್ದದ್ದನ್ನು ಕಂಚಿಗೋ ಬೋಟಿಗೆಂದೇ ಮಾಡಿದ ಪ್ಲಾಸ್ಟಿಕ್ ಸೀಕಾಕ್‌ಗೋ ಬದಲಿಸಿ, ಆಮೇಲೆ ನೀರಿಗಿಳಿಸಿ.

ಎಂಜಿನ್ನನ್ನು ತಂಪುಮಾಡುವ ಹೀಟ್ ಎಕ್ಸ್‌ಚೇಂಜರಿನಲ್ಲಿ ಪೆನ್ಸಿಲ್ ಆಕಾರದ ಪುಟ್ಟ ಆನೋಡ್ ಇದ್ದರೆ ಅದನ್ನೂ ನೋಡಿ. ಹೊರಗಿನ ಆನೋಡಿನ ರಕ್ಷಣೆ ಕೊಳವೆಯೊಳಗೆ ತಲುಪುವುದಿಲ್ಲ.

ಜಲಾಶಯಕ್ಕೆ ಹೋಗುವಾಗ

ಸತುವನ್ನು ಬಿಟ್ಟುಬಿಡಿ. ಸಿಹಿನೀರಿನಲ್ಲಿ ಅದರ ಮೇಲೆ ಬಿಳಿಯ ಗಟ್ಟಿ ಪದರ ಕಟ್ಟಿ ಕೆಲಸವೇ ನಿಂತುಹೋಗುತ್ತದೆ. ಒಂದಿಷ್ಟೂ ಸವೆದಿಲ್ಲ ಎಂದು ಮಾಲೀಕರು ಸಂತೋಷಪಡುತ್ತಾರೆ, ಅಷ್ಟರಲ್ಲಿ ಬೇರೆಲ್ಲ ಸವೆದಿರುತ್ತದೆ. ಬರೀ ಸಿಹಿನೀರಿಗೆ ಮೆಗ್ನೀಶಿಯಂ ಒಳ್ಳೆಯದು, ಅದು ಮೈನಸ್ 1.6 ವೋಲ್ಟಿನ ಸುಮಾರು. ಆದರೆ ಅದನ್ನೇ ಕಟ್ಟಿಕೊಂಡು ಉಪ್ಪುನೀರಿಗೆ ಬಂದರೆ ಬಹಳ ಬೇಗ ಕರಗುತ್ತದೆ. ನೀವು ಎರಡೂ ಕಡೆ ಓಡಾಡುವವರಾದ್ದರಿಂದ ಅಲ್ಯೂಮಿನಿಯಂ ಆನೋಡ್ ಸೂಕ್ತ. ಇದು ಪಾತ್ರೆಯ ಅಲ್ಯೂಮಿನಿಯಂ ಅಲ್ಲ. ಸುಮಾರು ಶೇಕಡಾ 5 ಸತು ಮತ್ತು ತುಸು ಇಂಡಿಯಂ ಬೆರೆಸಿದ ಮಿಶ್ರಲೋಹ. ಆ ಇಂಡಿಯಂ ಇಲ್ಲದಿದ್ದರೆ ಅಲ್ಯೂಮಿನಿಯಂ ತನ್ನ ಮೇಲೆ ತಾನೇ ಪೊರೆ ಕಟ್ಟಿಕೊಂಡು ಸುಮ್ಮನಾಗುತ್ತದೆ. ಉಪ್ಪುನೀರು, ಅಳಿವೆಯ ನೀರು ಎರಡರಲ್ಲೂ ಚೆನ್ನಾಗಿ ನಡೆಯುತ್ತದೆ, ಸಿಹಿನೀರಿನಲ್ಲೂ ಸತುವಿಗಿಂತ ಎಷ್ಟೋ ಮೇಲು. ಕೆ.ಜಿ.ಗೆ 2,500 ಆಂಪಿಯರ್-ಗಂಟೆಯ ಸುಮಾರು ಕೊಡುವುದರಿಂದ ತೂಕಕ್ಕೆ ಹೋಲಿಸಿದರೆ ಹೆಚ್ಚು ಬಾಳುತ್ತದೆ. ಒಂದು ಅಲ್ಯೂಮಿನಿಯಂ, ಒಂದು ಸತು ಎಂದು ಬೆರೆಸಿ ಕಟ್ಟಬೇಡಿ. ಹೆಚ್ಚು ಚುರುಕಾದದ್ದು ಇನ್ನೊಂದರ ಕೆಲಸವನ್ನೂ ಹೊತ್ತು ಬೇಗ ಮುಗಿಯುತ್ತದೆ.

ಕಟ್ಟುವಾಗ ಶಾಫ್ಟನ್ನು ಮರಳುಕಾಗದದಿಂದ ಹೊಳೆಯುವಂತೆ ಉಜ್ಜಿ. ಬೋಲ್ಟು ಬಿಗಿದ ಮೇಲೆ ಆನೋಡನ್ನು ಸುತ್ತಿಗೆಯಿಂದ ಸುತ್ತಲೂ ತಟ್ಟಿ ಮತ್ತೊಮ್ಮೆ ಬಿಗಿಯಿರಿ. ತಟ್ಟಿದಾಗ ಅದು ಶಾಫ್ಟಿಗೆ ಸರಿಯಾಗಿ ಕೂರುತ್ತದೆ, ಬೋಲ್ಟು ಇನ್ನೂ ಅರ್ಧ ಸುತ್ತು ತಿರುಗುವುದನ್ನು ನೀವೇ ನೋಡುತ್ತೀರಿ. ಆನೋಡಿಗೆ ಬಣ್ಣ ತಾಗಬಾರದು.

ಕಟ್ಟುವ ಮುಂಚೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತೂಕವನ್ನೂ ದಿನಾಂಕವನ್ನೂ ಬೋಟಿನ ಪುಸ್ತಕದಲ್ಲಿ ಬರೆದಿಡಿ. ಐಸೊಲೇಟರ್ ಹಾಕಿಸಿ ಎರಡು ತಿಂಗಳಾದ ಮೇಲೆ ನೀರಿಗಿಳಿಯಬಲ್ಲವರಿಂದ ಒಮ್ಮೆ ನೋಡಿಸಿ. ಆ ಹೊತ್ತಿಗೆ ಜೆಟ್ಟಿಯ ಆ ಸಾಲಿನ ಕರೆಂಟನ್ನು ಮರೀನಾದವರಿಗೆ ಹೇಳಿ ಆರಿಸಿರಬೇಕು. ಅರ್ಧ ಸವೆದಿದ್ದರೆ ಬದಲಿಸಿ. ಮುಂದಿನ ಸಲ ಬೋಟು ಮೇಲೆ ಬಂದಾಗ ಉಳಿದದ್ದನ್ನು ಬಿಚ್ಚಿ, ತೊಳೆದು, ಮತ್ತೆ ತೂಗಿ. ಕಡಿಮೆಯಾದ ಕೆ.ಜಿ.ಯನ್ನು ಸತುವಾದರೆ 780ರಿಂದ, ಅಲ್ಯೂಮಿನಿಯಮ್ಮಾದರೆ 2,500ರಿಂದ ಗುಣಿಸಿ, ಕಳೆದ ಗಂಟೆಗಳಿಂದ ಭಾಗಿಸಿ. 45 ಮಿಲಿ ಆಂಪಿಯರ್ ಆಸುಪಾಸು ಬಂದರೆ ಬೋಟು ತನ್ನ ಪಾಡಿಗೆ ತಾನಿದೆ. ನೂರು ದಾಟಿದರೆ ಎಲೆಕ್ಟ್ರೋಡು, ಮೀಟರು ಹಿಡಿದು ಮತ್ತೆ ಮೊದಲಿನಿಂದ ಹುಡುಕಿ.